ಒಂದೇ ಮೂಳೆಗೆ ಎರಡು ಅಳತೆ

ಮೂಳೆ ವೈದ್ಯರು ದಾವಣಗೆರೆ ಕಡೆಯವರು. ಕಾಶಿಯಲ್ಲಿ ನನಗೆ ಕನ್ನಡ ಮಾತಾಡಲು ಸಿಗುತ್ತಿದ್ದ ಕೆಲವೇ ಮಂದಿಯಲ್ಲಿ ಒಬ್ಬರು. ಅವತ್ತು ಬೆಳಿಗ್ಗೆ ನಮ್ಮ ಸಂಶೋಧನಾ ಕೇಂದ್ರಕ್ಕೆ ಬಂದವರೇ ಒಂದೇ ಎಕ್ಸ್‌ರೇಯ ಎರಡು ಪ್ರಿಂಟನ್ನು ನನ್ನ ಮೇಜಿನ ಮೇಲಿಟ್ಟರು.

"ನೋಡಮ್ಮ, ಅದೇ ಅಜ್ಜಿ, ಅದೇ ತೊಡೆಮೂಳೆ. ಆಸ್ಪತ್ರೆ ಕಂಪ್ಯೂಟರ್ ಒಂದು ಅಳತೆ ಹೇಳ್ತತಿ, ನಿಮ್ಮ ಲ್ಯಾಬಿಂದು ಇನ್ನೊಂದು. ಮುರಿದ ಮೂಳೆಗೆ ಹಾಕಾಕೆ ನಾನು ಯಾವ ಸೈಜಿನ ರಾಡ್ ತರಿಸ್ಲಿ?"

"ಎರಡನ್ನೂ ನಂಬಬೇಡಿ ಸರ್. ಸದ್ಯಕ್ಕೆ ಕೈಯಲ್ಲೇ ಅಳತೆ ಮಾಡಿ," ಎಂದೆ. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂದಿತ್ತು.

ಎರಡೂ ನಮ್ಮ ಕೇಂದ್ರದ ಸಾಫ್ಟ್‌ವೇರೇ. ಆಸ್ಪತ್ರೆಯದನ್ನು ಒಂದು ತಂಡ ಬರೆಯುತ್ತಿತ್ತು, ಸಂಶೋಧನೆಯದನ್ನು ನಾವು. ಮೂಳೆ ಅಳೆಯುವ ಕೋಡ್ ಇಬ್ಬರಿಗೂ ಒಂದೇ ಆಗಿತ್ತು. ಆದರೆ ಆರಂಭದಲ್ಲೇ ಯಾರೋ ಅದನ್ನು ನಕಲು ಮಾಡಿ ಎರಡೂ ತಂಡಗಳ ರೆಪಾಸಿಟರಿಗೆ, ಅಂದರೆ ಕೋಡನ್ನೂ ಅದರ ಬದಲಾವಣೆಗಳನ್ನೂ ಕಾಪಿಡುವ ಉಗ್ರಾಣಕ್ಕೆ, ಬೇರೆ ಬೇರೆಯಾಗಿ ಹಾಕಿದ್ದರು. ನಾವು ತಿದ್ದಿದ ತಪ್ಪು ಅವರಲ್ಲಿ ಉಳಿದಿತ್ತು. ಅವರು ತಿದ್ದಿದ್ದು ನಮಗೆ ಗೊತ್ತೇ ಇರಲಿಲ್ಲ.

ನಮ್ಮ ಮುಖ್ಯಸ್ಥರಿಗೆ ಇದು ದೊಡ್ಡ ವಿಷಯವೇ ಅಲ್ಲ. ದೆಹಲಿಯಿಂದ ಪರಿಶೀಲನಾ ತಂಡ ಬರುವುದಿತ್ತು, ಅಷ್ಟರೊಳಗೆ ಹೇಗೋ ಮುಗಿದರೆ ಸಾಕಿತ್ತು.

"ಕಾಪಿ ಕರ್ ದೀಜಿಯೇ ಮೇಡಂ, ಬಸ್," ಎಂದರು. "ನಿಮ್ಮ ಕೋಡನ್ನು ಪೆನ್‌ಡ್ರೈವಲ್ಲಿ ಹಾಕಿ ಆಸ್ಪತ್ರೆ ತಂಡಕ್ಕೆ ಕೊಟ್ಟರೆ ಮುಗೀತು."

"ಕೊಡೋದಿಲ್ಲ ಸರ್. ಇವತ್ತು ಎರಡೂ ಒಂದಾಗುತ್ತವೆ. ಮುಂದಿನ ತಿಂಗಳು ಯಾರೋ ಒಂದು ಕಡೆ ತಿದ್ದುತ್ತಾರೆ, ಮತ್ತೆ ಇದೇ ಕಥೆ."

"ಜಿದ್ದು ಬೇಡ. ಇಲ್ಲಿ ಏನು ಮಾಡಬೇಕು ಅಂತ ಹೇಳುವವನು ನಾನು."

ಜಿದ್ದು ಬಿಡಲಿಲ್ಲ. ಅಳತೆಯ ಕೋಡನ್ನು ಮಾತ್ರ ಮೂರನೆಯ ರೆಪಾಸಿಟರಿಯಲ್ಲಿ ಇಟ್ಟೆ. ಎರಡೂ ಕಡೆಯ ತಿದ್ದುಪಡಿಗಳನ್ನು ಅದರೊಳಗೆ ಸೇರಿಸಿದೆ. ನಮ್ಮ ಉಗ್ರಾಣದಲ್ಲಿದ್ದ ನಕಲನ್ನು ಅಳಿಸಿ, ಅದರ ಜಾಗದಲ್ಲಿ ಆ ಮೂರನೆಯದಕ್ಕೆ ಒಂದು ಕೊಂಡಿ ಹಾಕಿದೆ. ಇನ್ನು ಆಸ್ಪತ್ರೆ ತಂಡ ಒಪ್ಪಬೇಕಿತ್ತು. ಅದರ ಮುಂದಾಳು ಕಾಶಿಯದೇ ಸೋನಾರ್‌ಪುರದವನು, ಸುಲಭಕ್ಕೆ ಬಗ್ಗುವವನಲ್ಲ. ಅಸ್ಸಿ ಘಾಟಿನ ಚಹಾ ಅಂಗಡಿಯ ಬೆಂಚಿನಲ್ಲಿ ಇಬ್ಬರೂ ಹಿಂದಿಯಲ್ಲಿ ಜಗಳಕ್ಕೇ ಇಳಿದೆವು.

"ನೀವು ಏನೋ ಬದಲಾಯಿಸ್ತೀರಿ, ನಮ್ಮದು ನಿಂತುಹೋಗುತ್ತೆ. ಆಸ್ಪತ್ರೆಯವರ ಬೈಗುಳ ತಿನ್ನೋದು ಯಾರು?"

"ನೀವು ಒಪ್ಪಿದ ಆವೃತ್ತಿಯೇ ನಿಮಗೆ ಬರುತ್ತೆ. ಹೊಸದನ್ನು ಪರೀಕ್ಷೆ ಮಾಡಿ ತಗೊಳ್ಳಿ. ಆದರೆ ಸ್ವಂತ ನಕಲು ಇಟ್ಟುಕೊಂಡು ತಿದ್ದೋದು ಬೇಡ. ಒಂದೇ ಎಕ್ಸ್‌ರೇ ಎರಡೂ ಕಡೆ ಒಂದೇ ಅಳತೆ ಕೊಡದಿದ್ದರೆ ಆಸ್ಪತ್ರೆಗೆ ಏನೂ ಹೋಗಬಾರದು."

ಅವನು ಮಣ್ಣಿನ ಕುಲ್ಹಡ್‌ನಲ್ಲಿದ್ದ ಚಹಾ ಮುಗಿಸಿದ. ಆಮೇಲೆ, "ಮೊದಲು ಆ ಅಜ್ಜಿಯ ಎಕ್ಸ್‌ರೇ ಹಾಕಿ ನೋಡೋಣ, ನಡೀರಿ," ಎಂದು ಎದ್ದ. ಸಂಜೆಯೊಳಗೆ ಎರಡೂ ಯಂತ್ರ ಒಂದೇ ಮಾತು ಹೇಳಿದವು. ವೈದ್ಯರು ಕೈಯಲ್ಲಿ ಅಳೆದದ್ದಕ್ಕೂ ಅದು ಸರಿಹೊಂದಿತು.

ಪರಿಶೀಲನಾ ತಂಡ ಬಂದ ದಿನ ಮುಖ್ಯಸ್ಥರು ಪರದೆಯ ಮುಂದೆ ನಿಂತು, "ಕೋಡ್ ಒಂದೇ ಕಡೆ ಇರಬೇಕು ಅನ್ನೋದು ಮೊದಲಿಂದಲೂ ನನ್ನ ನಿಲುವು," ಎಂದರು. ನನ್ನನ್ನು ಕೊನೆಯ ಸಾಲಿನಲ್ಲಿ, ಸೋನಾರ್‌ಪುರದವನ ಪಕ್ಕ ಕೂರಿಸಿದ್ದರು. ಎದ್ದು ನಿಂತೆ.

"ಕ್ಷಮಿಸಿ ಸರ್. ಹೋದ ವಾರದವರೆಗೂ ನೀವು ಬೇಡ ಅಂದಿದ್ದಿರಿ. ಮಾಡಿದ್ದು ನಾವಿಬ್ಬರು."

ಸೋನಾರ್‌ಪುರದವನು ತಲೆ ತಗ್ಗಿಸಲಿಲ್ಲ. "ಜೀ, ಸಹೀ ಬಾತ್ ಹೈ," ಎಂದು ನನ್ನ ಮಾತು ನಿಜವೆಂದು ಒಪ್ಪಿದ.

ನನ್ನದು ಗುತ್ತಿಗೆಯ ಕೆಲಸ; ಆ ವರ್ಷ ಮುಖ್ಯಸ್ಥರು ಅದನ್ನು ಮುಂದುವರಿಸಲಿಲ್ಲ. ಮೂಳೆ ವೈದ್ಯರು, "ಸುಮ್ನೆ ಕೂತಿದ್ರೆ ಕೆಲಸ ಉಳೀತಿತ್ತಲ್ಲಮ್ಮ," ಎಂದು ಪೇಚಾಡಿಕೊಂಡರು. ಉಳಿಯುತ್ತಿತ್ತು, ನಿಜ. ಆದರೆ ನಾನು ಹೊರಟ ಮೇಲೂ ಆ ಮೂರನೆಯ ಉಗ್ರಾಣವನ್ನು ಯಾರೂ ಮತ್ತೆ ಎರಡು ನಕಲಾಗಿ ಒಡೆಯಲಿಲ್ಲ. ಒಡೆಯಲು ಸೋನಾರ್‌ಪುರದವನು ಬಿಡಲಿಲ್ಲ. ಇವತ್ತು ಅದೇ ಸಭೆಯಲ್ಲಿ ಕೂರಿಸಿದರೂ ನಾನು ಎದ್ದು ನಿಲ್ಲುವವಳೇ.