ಹಿಂದಿನ ಹಲ್ಲು

ಕಳೆದ ವಾರ ಸೀವುಡ್ಸ್‌ನ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಡಾಕ್ಟರು ಎಂದರೆ ಇನ್ನೂ ಹುಡುಗಿ. ಅಪ್ಪ ಅಮ್ಮ ಕುಂದಾಪುರದವರು, ಇವಳು ಹುಟ್ಟಿದ್ದು ನೆರೂಳದಲ್ಲಿ. ನನ್ನನ್ನು ಕಂಡರೆ ತನಗೆ ಬಂದಷ್ಟು ಕನ್ನಡ ಹೊರತೆಗೆಯುತ್ತಾಳೆ. "ಆಂಟಿ, ಯೇ ವಾಲಾ ಠೀಕ್ ಹೈ. ಹಿಂದಿನದು ತೆಗೀಬೇಕು" ಎಂದಳು. ನಾನು ಅವಳ ಕೈ ಹಿಡಿದು ಎದ್ದೇ ಕುಳಿತೆ. "ಹಿಂದಿನದು ಅಂದ್ರೆ ಯಾವುದು ಮಗಾ? ಹಿಂದೆ ಇರುವುದೋ, ಹೋದ ಸಲ ನೀನು ತೋರಿಸಿದ್ದೋ?" ಅವಳಿಗೆ ನಗು. "ಕನ್ನಡದಲ್ಲಿ ಎರಡಕ್ಕೂ ಒಂದೇ ವರ್ಡಾ, ಆಂಟಿ?" ಒಂದೇ. ಆ ಒಂದೇ ಪದ ನಮ್ಮ ಮನೆಯಲ್ಲಿ ಮಾಡಿದ ಅವಾಂತರ ಅವಳಿಗೇನು ಗೊತ್ತು? ನಿಮಗಾದರೂ ಹೇಳುತ್ತೇನೆ, ಕೇಳಿ.

ನನ್ನ ತಮ್ಮ ದಿನೇಶ, ಮನೆಯಲ್ಲಿ ದಿನ್ನು, ಶಿಳ್ ಫಾಟಾ ರಸ್ತೆಯಲ್ಲಿ ಬೈಕಿನಿಂದ ಬಿದ್ದಿದ್ದ. ಮೂಳೆ ಕೂಡಿತು, ಆದರೆ ಎಡ ಮಂಡಿಯ ಪಕ್ಕದ ನರವೊಂದು ಹೋಯಿತು. ಅಂದಿನಿಂದ ಎಡ ಪಾದವನ್ನು ಕೆಳಕ್ಕೆ ಒತ್ತಬಲ್ಲ, ಮೇಲಕ್ಕೆ ಎತ್ತಲಾರ. ನಡೆಯುವಾಗ ಚಪ್ಪಲಿ ನೆಲಕ್ಕೆ ಟಪ್ ಎನ್ನುತ್ತದೆ. ಬೈಕಿನ ಗೇರ್ ಇರುವುದು ಎಡಗಾಲಲ್ಲಿ. ಲಿವರ್ ಕೆಳಗೆ ಒತ್ತಿದರೆ ಚಿಕ್ಕ ಗೇರ್, ಬೆರಳಿನಿಂದ ಎತ್ತಿದರೆ ದೊಡ್ಡ ಗೇರ್. ಎತ್ತುವುದೇ ಇಲ್ಲ ಎಂದ ಮೇಲೆ ಬೈಕಿನ ಕಥೆ ಮುಗಿಯಿತು ಎಂದು ನಾವೆಲ್ಲ ಒಳಗೊಳಗೇ ಸಮಾಧಾನಪಟ್ಟೆವು. ಅವನು ಒಂದು ವರ್ಷ ಸುಮ್ಮನಿದ್ದು, ಫಾರ್ಮ್‌ಹೌಸ್ ಒಂದರಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಸ್ಪೋರ್ಟ್ಸ್ ಕ್ವಾಡ್ ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ನಾಲ್ಕು ದಪ್ಪ ಟೈರು, ಕುದುರೆಯ ಮೇಲಿನಂತೆ ಕುಳಿತು ಓಡಿಸಬೇಕು, ಗೇರ್ ಮಾತ್ರ ಇದರಲ್ಲೂ ಎಡಗಾಲಲ್ಲೇ. ನಾನು ಕೂಗಾಡಿದೆ. ಅಮ್ಮ ಮಾತ್ರ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ನಾಲ್ಕು ಚಕ್ರ ಉಂಟಲ್ಲ, ಬೀಳುವುದಿಲ್ಲ ಬಿಡು" ಎಂದು ಒಳಗೆ ಹೋದರು.

ಕಲ್ಯಾಣದ ಆಚೆ, ಕಲ್ಲು ತೆಗೆದು ಬಿಟ್ಟ ಒಂದು ಜಾಗದಲ್ಲಿ ಇಂಥ ಗಾಡಿಗಳ ಹುಡುಗರು ಆಗಾಗ ಭಾನುವಾರ ಸೇರುತ್ತಿದ್ದರು. ಮೊದಲು ಸಪಾಟು ನೆಲ, ಆಮೇಲೆ ಸಡಿಲ ಜಲ್ಲಿಯ ಏರು, ತುದಿಯಲ್ಲಿ ಒಂದು ಬಾವುಟ. ಮೊದಲ ಸಲ ದಿನ್ನು ಕೈಯಿಂದಲೇ ಲಿವರ್ ಎತ್ತಿ ಎರಡನೇ ಗೇರಿಗೆ ಹಾಕಿಕೊಂಡು ಹೊರಟ. ಓಡುವಾಗ ಹ್ಯಾಂಡಲ್ ಬಿಟ್ಟು ಬಗ್ಗುವಂತಿಲ್ಲ, ಅದರಲ್ಲೇ ತುದಿ ಮುಟ್ಟಬೇಕೆಂಬುದು ಲೆಕ್ಕ. ಅರ್ಧ ಏರಿನಲ್ಲಿ ಇಂಜಿನ್ ಆಫ್. "ಧಕ್ಕಾ ಮಾರ್!" ಎನ್ನುತ್ತ ಹುಡುಗರು ಓಡಿ ಬಂದು ತುದಿಯವರೆಗೆ ತಳ್ಳಿದರು. ಅವರದು ಒಳ್ಳೆಯ ಮನಸ್ಸೇ. ಚಪ್ಪಾಳೆ ಬೇರೆ ತಟ್ಟಿದರು. ಮನೆಯ ಕೆಳಗೆ ಬಂದು ನಿಂತ ಮೇಲೆ ದಿನ್ನು ಅಂದ: "ಅಕ್ಕ, ಇನ್ನೊಂದು ಸಲ ಹೋಗ್ತೇನೆ. ಆಗಲೂ ಯಾರಾದರೂ ಕೈ ಹಾಕಬೇಕಾಗಿ ಬಂದರೆ, ಈ ಗಾಡಿಯೂ ಬೇಡ, ಯಾವ ಗಾಡಿಯೂ ಬೇಡ."

ಆಮೇಲೆ ಶುರುವಾದದ್ದೇ ಹಲ್ಲಿನ ಪುರಾಣ. ಇಂಜಿನ್ ಬಳಿ ಹಲ್ಲಿರುವ ಒಂದು ಚಿಕ್ಕ ಚಕ್ರ, ಹಿಂದಿನ ಟೈರುಗಳ ನಡುವೆ ಹಲ್ಲಿರುವ ಒಂದು ದೊಡ್ಡ ಚಕ್ರ, ನಡುವೆ ಚೈನು. ಇವಕ್ಕೆ ಸ್ಪ್ರಾಕೆಟ್ ಎನ್ನುತ್ತಾರೆ. ಮುಂದಿನದಕ್ಕೆ ಹಲ್ಲು ಕಡಿಮೆಯಾದರೆ ಗಾಡಿಗೆ ಎಳೆತ ಹೆಚ್ಚು, ಓಟ ಕಡಿಮೆ. ಹಿಂದಿನದಕ್ಕೆ ಹಲ್ಲು ಹೆಚ್ಚಿದರೂ ಹಾಗೆಯೇ. ಊಟದ ತಟ್ಟೆಯ ಮುಂದೆ ತಮ್ಮ ಇದನ್ನೇ ಹೇಳಿ ಹೇಳಿ, ಬರೀ ಪಲ್ಯದ ರುಚಿ ಗೊತ್ತಿದ್ದ ನನಗೂ ಅದು ಬಾಯಿಪಾಠವಾಯಿತು. ಆಫೀಸಿನಲ್ಲಿ ಒಬ್ಬರು ಸೊಸೆ ನೋಡಲು ಹೋದ ಸುದ್ದಿ ಹೇಳುತ್ತಿದ್ದಾಗ, "ಹಲ್ಲು ಎಷ್ಟು?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಿದ್ದೇನೆ.

ಕೆಲಸ ವಹಿಸಿಕೊಂಡವನು ಬಸ್ಸಣ್ಣ. ವಿಜಯಪುರದ ಕಡೆಯವನು, ಕಳಂಬೋಲಿಯ ಕಬ್ಬಿಣದ ಪೇಟೆಯ ಅಂಚಿನಲ್ಲಿ ಗ್ಯಾರೇಜು. ಮಾತಿನ ಮಲ್ಲ, ಅರ್ಧ ಕೆಲಸ ಕೈಯಲ್ಲಿ, ಅರ್ಧ ಬಾಯಲ್ಲಿ. "ಎರಡ ದಾರಿ ಅದಾವ್ರೀ. ಮುಂದಿನದ ಸಣ್ಣದ ಮಾಡೂದು, ಇಲ್ಲಾ ಹಿಂದಿನದ ದೊಡ್ಡದ ಮಾಡೂದು. ನನ್ನ ಕೇಳಿದ್ರ ಹಿಂದಿನದ" ಎಂದ. ದಿನ್ನು ಕೇಳಲಿಲ್ಲ. ಮುಂದಿನ ಹದಿನಾಲ್ಕು ಹಲ್ಲಿನದನ್ನು ತೆಗೆಸಿ ಹದಿಮೂರರದು ಹಾಕಿಸಿದ. ಓಡಿಸಿ ನೋಡಿದರೆ, ಎಳೆತವೇನೋ ಬಂತು, ಆದರೆ ಸಪಾಟು ನೆಲದಲ್ಲಿ ಇಂಜಿನ್ ಕಿರುಚುತ್ತದೆ, ಗಾಡಿ ಓಡುವುದಿಲ್ಲ. ರಭಸವಿಲ್ಲದೆ ಜಲ್ಲಿಗೆ ಹೋದರೆ ಟೈರು ನಿಂತಲ್ಲೇ ತಿರುಗುತ್ತದೆ. ಹಳೆಯದೇ ಇರಲಿ, ಧೈರ್ಯ ಮಾಡಿ ಜೋರಾಗಿ ನುಗ್ಗುತ್ತೇನೆ ಎಂದು ತೀರ್ಮಾನಿಸಿ, ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ನಿಂತು ಫೋನ್ ಮಾಡಿದ. "ಬಸ್ಸಣ್ಣ, ಮುಂದಿನದು ಹಾಕಿ ನೋಡಿದ್ದಾಯ್ತು. ಇನ್ನು ಹಿಂದಿನದೇ ಹಾಕಿಬಿಡಿ."

ಭಾನುವಾರ ಬಸ್ಸಣ್ಣ ಟೆಂಪೋದಿಂದ ಗಾಡಿ ಇಳಿಸಿದ. ದಿನ್ನು ಬಗ್ಗಿ ನೋಡಿದವನು ಬಗ್ಗಿದಂತೆಯೇ ಉಳಿದ. ಮುಂದೆ ಅದೇ ಹದಿಮೂರು. ಹಿಂದೆ ಹೊಚ್ಚ ಹೊಸದು, ಹಳೆಯದಕ್ಕಿಂತ ದೊಡ್ಡ ಚಕ್ರ.

"ಎಂತ ಮಾಡಿದ್ರಿ ಮಾರಾಯ್ರೆ! ಹಿಂದಿನದು ಹಾಕಿ ಅಂದದ್ದಲ್ವಾ ನಾನು?"

"ಮತ್ತ? ಹಿಂದಿನದ ಹಾಕೀನಲ್ರೀ! ನೋಡ್ರಿ, ಹೆಂಗ್ ಕುಂತದ!"

"ಅಯ್ಯೋ, ಹಿಂದಿನದು ಅಂದ್ರೆ ಮೊದಲು ಇದ್ದದ್ದು!"

"ಮೊದಲಿಂದು ಬೇಕಂದ್ರ ಮೊದಲಿಂದು ಅನ್ಬೇಕಪಾ! ಅಕ್ಕಾರ, ನೀವ ಹೇಳ್ರಿ, ತಪ್ಪು ಯಾರದು?"

ಹಳೆಯ ಸ್ಪ್ರಾಕೆಟ್ ಎರಡೂ ಕಳಂಬೋಲಿಯಲ್ಲಿ. ನನಗೆ ಅಳುವೇ ಬಂತು. ಇವತ್ತಿಗೆ ಇವನ ಗಾಡಿಯ ಆಸೆ ಮುಗಿಯಿತು, ಅದೂ ಒಂದು ದರಿದ್ರ ಪದದಿಂದ ಎನಿಸಿತು. ಉಡುಪಿ ಕಡೆಯ ನಮ್ಮವನೂ ವಿಜಯಪುರದವನೂ ಹಿಂದಿಯಲ್ಲಿ ಮಾತಾಡಿದ್ದರೆ ಬದುಕಿಕೊಳ್ಳುತ್ತಿದ್ದೆವೋ ಏನೋ.

ದಿನ್ನು ಗಾಡಿಯ ಮೇಲೆ ಕುಳಿತು ಲಿವರನ್ನು ಕೈಯಿಂದ ಎತ್ತುವುದು, ಕಾಲಿನಿಂದ ಒತ್ತುವುದು, ಮತ್ತೆ ಎತ್ತುವುದು, ಮತ್ತೆ ಒತ್ತುವುದು ಮಾಡುತ್ತಿದ್ದ. ಸಿಟ್ಟಿಗೆ ಮಾಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ತಲೆಯೆತ್ತಿ ಹೇಳಿದ: "ಅಕ್ಕ, ಒತ್ತಲಿಕ್ಕೆ ನನಗೆ ಬರ್ತದಲ್ಲ."

ಅವನು ಹೇಳಿದ್ದು ಇಷ್ಟು. ಈಗ ಎಳೆತ ವಿಪರೀತ ಇರುವುದರಿಂದ ಮೂರನೇ ಗೇರಿನಲ್ಲೇ ಹೊರಡಬಹುದು. ಮೊದಲಾದರೆ ಮೂರರಲ್ಲಿ ಗಾಡಿ ಹೊರಡುತ್ತಲೇ ಇರಲಿಲ್ಲ. ಸಪಾಟಿನಲ್ಲಿ ಮೂರರ ಓಟ ಸಿಗುತ್ತದೆ. ಏರಿನಲ್ಲಿ ಉಸಿರು ಕಟ್ಟಿದಾಗ ಎರಡಕ್ಕೆ ಇಳಿಸಿದರೆ ಸಾಕು. ಎತ್ತುವ ಪ್ರಸಂಗವೇ ಇಲ್ಲ. ಇಷ್ಟು ದಿನ ನಾವೆಲ್ಲ ಬಾರದ ಕೆಲಸದ ಸುತ್ತಲೇ ಲೆಕ್ಕ ಹಾಕುತ್ತ, ಬರುವ ಕೆಲಸವನ್ನು ನೋಡಿಯೇ ಇರಲಿಲ್ಲ.

ಬಸ್ಸಣ್ಣ ತೊಡೆ ತಟ್ಟಿದ. "ಅದಕ್ಕಽ ಹಾಕಿದ್ನಿರೀ ನಾ!" ಸುಳ್ಳ.

"ನೀನು ಏರಿನ ನಡುವೆ ನಿಲ್ಲು ಅಕ್ಕ. ಯಾರೂ ಕೈ ಹಾಕದ ಹಾಗೆ ನೋಡಿಕೋ" ಎಂದ ದಿನ್ನು. ನಿಂತೆ. ಸೀರೆ ಉಟ್ಟು ಬಂದ ನನ್ನ ಬುದ್ಧಿಗೆ ಬಯ್ದುಕೊಳ್ಳುತ್ತ ಜಲ್ಲಿಯ ಮೇಲೆ ನಿಂತೆ. ಗಾಡಿ ಬಂತು, ಒಳ್ಳೆಯ ರಭಸದಲ್ಲೇ ಬಂತು. ನನ್ನೆದುರಿಗೆ ಬರುವಷ್ಟರಲ್ಲಿ ದನಿ ಕುಗ್ಗಿತು, ಇನ್ನೇನು ನಿಂತಿತು ಎನ್ನುವಂತಾಯಿತು. ಎರಡೂ ಕಡೆಯಿಂದ ಹುಡುಗರು ಓಡಿ ಬಂದರು. "ಕೋಯಿ ಹಾಥ್ ಮತ್ ಲಗಾವೋ!" ಎಂದು ಕಿರುಚಿ ಎರಡೂ ಕೈ ಚಾಚಿ ಅಡ್ಡ ನಿಂತೆ. ನಿಜ ಹೇಳಬೇಕೆಂದರೆ, ನನ್ನ ಆ ಕೈಗಳಿಗೂ ತಳ್ಳಬೇಕೆಂದೇ ಇತ್ತು. ಅವನು ಎಡಗಾಲು ಒತ್ತಿದ. ಇಂಜಿನ್ ಗರ್ ಎಂದು ಮತ್ತೆ ಎಚ್ಚರಾಯಿತು. ಮುಖಕ್ಕೆಲ್ಲ ಧೂಳು ರಾಚಿ, ಕಣ್ಣು ಒರೆಸಿಕೊಂಡು ನೋಡುವಾಗ ಅವನು ಬಾವುಟದ ಬಳಿ ಇದ್ದ.

ಅವನಿಗಿಂತ ಬೇಗ ಹತ್ತಿದವರು ಬೇಕಾದಷ್ಟು ಜನ ಇದ್ದರು. ನಾನು ಏದುಸಿರು ಬಿಡುತ್ತ ಮೇಲೆ ಹೋದಾಗ ಅವನು ಕೇಳಿದ್ದು ಒಂದೇ. "ಅಕ್ಕ, ಯಾರೂ ಮುಟ್ಟಲಿಲ್ಲ ಅಲ್ವಾ?"

"ಯಾರೂ ಇಲ್ಲ ಮಾರಾಯ" ಎಂದೆ. ಅವನ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಧೂಳು ಎಂದು ಇಬ್ಬರೂ ಹೇಳಿಕೊಂಡೆವು.

ಡಾಕ್ಟರ್ ಹುಡುಗಿ ಅವತ್ತು ಕನ್ನಡಿ ಹಿಡಿದು, ಬೆರಳಿಟ್ಟು ತೋರಿಸಿ, ನಾನು ತಲೆಯಾಡಿಸಿದ ಮೇಲೆಯೇ ಹಲ್ಲು ಕಿತ್ತಳು. ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ, ಕರೆದೊಯ್ಯಲು ದಿನ್ನು ಬರುವವನಿದ್ದ. ಕ್ಲಿನಿಕ್ ಇರುವುದು ಮೊದಲ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಕೆಳಗಿನಿಂದ ಚಪ್ಪಲಿಯ ಸದ್ದು ಕೇಳಿತು, ಟಪ್, ಟಪ್. ರಿಸೆಪ್ಶನ್ನಿನ ಹೆಂಗಸು ಬಗ್ಗಿ ನೋಡಿ, "ಅರೆ, ಭಾವೂ, ಥಾಂಬಾ" ಎಂದು ಅವನಿಗೆ ನಿಲ್ಲಲು ಹೇಳುತ್ತ ಹಿಡಿಯಲು ಓಡಿದಳು. ಬಾಯಿ ಬಿಡುವಂತಿರಲಿಲ್ಲ. ಕೈ ಚಾಚಿ ಅಡ್ಡ ಹಿಡಿದೆ. ಅವಳು ನಿಂತಳು. ಅವನು ಹತ್ತಿ ಬಂದ.