ಸೂಜಿ ವಿರುಪಮ್ಮ

ಬುಕ್ಕಸಾಗರದಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಬಂದರೂ ಮನೆಯವರಿಗಿಂತ ಮೊದಲು ಸುದ್ದಿ ಮುಟ್ಟುತ್ತಿದ್ದುದು ವಿರುಪಮ್ಮನಿಗೆ. ಕಾಲುವೆ ನೀರು ಬಂದು ಊರೆಲ್ಲ ಮೂರು ಹೊತ್ತೂ ಅನ್ನಕ್ಕೆ ಬಿದ್ದರೂ ಅವಳೊಬ್ಬಳು ಜೋಳದ ರೊಟ್ಟಿ ಬಿಟ್ಟಿರಲಿಲ್ಲ. ಅವಳಿಗೂ ಅದೇ ಕಾಯಿಲೆ; ತನ್ನ ಇನ್ಸುಲಿನ್ ಶೀಸೆಯನ್ನು ನೀರಿನ ಗಡಿಗೆಯಡಿಯ ಹಸಿ ಮರಳಿನಲ್ಲಿ ಹೂತಿಟ್ಟು, ಬೆಳಿಗ್ಗೆ ಹಾಲಿಗಿಂತ ಮೊದಲು ಗಾಜಿನ ಸಿರಿಂಜು ಕುದಿಸುತ್ತಿದ್ದಳು. ಮದುವೆಮನೆಯಲ್ಲಿ ಕಾಯಿಲೆಯವರು ಹೋಳಿಗೆಗೆ ಕೈ ಚಾಚಿದರೆ ಪಂಕ್ತಿಯ ಆ ತುದಿಯಿಂದಲೇ ಗದರುವಳು. ಪಕ್ಕದ ಮನೆಯ ಮೂಕಪ್ಪನ ಕಾಲಿನ ಹುಣ್ಣು ಎರಡು ತಿಂಗಳಾದರೂ ಮಾಯದೆ, ಡಾಕ್ಟರು ಅವನಿಗೂ ಇನ್ಸುಲಿನ್ ಸೂಜಿ ಬರೆದುಕೊಟ್ಟರು. "ಒಮ್ಮೆ ಹಿಡಿದ್ರ ಸಾಯೋತನಕ ಬಿಡಂಗಿಲ್ಲಂತ, ನನಗ ಬ್ಯಾಡಕ್ಕಾ" ಎಂದ ಅವನು. "ಕೂಳೂ ಹುಟ್ಟಿದಾಗಿಂದ ಹಿಡಿದೀಯಲ್ಲೋ, ಬಿಟ್ಟೀಯೇನು? ಕುಂದ್ರು, ನಾ ಚುಚ್ಚಿಕೊಳ್ಳಾದು ನೋಡು" ಎಂದು ವಿರುಪಮ್ಮ ಸೆರಗು ಸರಿಸಿ ಹೊಟ್ಟೆಯ ಚರ್ಮ ಹಿಡಿದಳು. ಸೂಜಿಯನ್ನು ಚರ್ಮದ ಹತ್ತಿರ ತಂದವಳು ಮತ್ತೆ ಹಿಂದಕ್ಕೆ ತೆಗೆದಳು. "ಅಕ್ಕಾ, ನಿನಗೂ ಅಂಜಿಕಿ ಐತೇನು?" ಎಂದ ಮೂಕಪ್ಪ. ಈ ಮಾತನ್ನು ಊರಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. "ಹನ್ನೊಂದು ವರ್ಷದಿಂದ ದಿನಾ ಐತಿ" ಎಂದು ಅವಳು ಚುಚ್ಚಿಕೊಂಡಳು. ಮೂಕಪ್ಪ ತನ್ನ ಅಂಗಿ ಮೇಲಕ್ಕೆ ಸರಿಸಿದ. ಆಮೇಲೆ, "ಹಂಗಾದ್ರ ನನಗೂ ಕಲಿಸು" ಎಂದ.