ಕ್ಯಾಪ್ರಿಸ್ ಕಾರಿನ ಎಡತುದಿಯ ಪೆಡಲು

ಗೇರ್ ಬದಲಿಸಬೇಕೆಂದು ಎಡತುದಿಯ ಪೆಡಲನ್ನು ಬಲವಾಗಿ ತುಳಿದೆ. ದೋಣಿಯಷ್ಟು ಉದ್ದದ ಶೆವ್ರೊಲೆ ಕ್ಯಾಪ್ರಿಸ್ ಕಾರು ಅರಬ್ ನಾಡಿನ ವಾದಿ ಕಬೀರ್ ಪೇಟೆಯ ನಡುರಸ್ತೆಯಲ್ಲಿ ಕಿರುಚಿಕೊಂಡು ನಿಂತಿತು. ಹಿಂದೆ ಕುಳಿತಿದ್ದ ಕಂಪನಿ ಯಜಮಾನರ ರುಮಾಲು ಹಾರಿ ಬಂದು ನನ್ನ ಮಡಿಲಿಗೆ ಬಿತ್ತು.

ಎಣ್ಣೆ ಬೆಲೆ ಕುಸಿದು, ಕಂಪನಿಯಲ್ಲಿ ಒಬ್ಬೊಬ್ಬರನ್ನೇ ಊರಿಗೆ ಕಳಿಸುತ್ತಿದ್ದ ಕಾಲವದು. ಡ್ರೈವರನೂ ಹೋಗಿದ್ದ. ಗಾಡಿ ಬಿಡಲು ಬರುತ್ತದಾ ಎಂದು ಯಜಮಾನರು ಕೇಳಿದಾಗ, ಕೆಲಸ ಉಳಿದೀತೆಂದು ಗುಮಾಸ್ತನಾದ ನಾನು ಹೂಂ ಎಂದಿದ್ದೆ. ನಾನು ಕಲಿತದ್ದು ಪುತ್ತೂರಿನ ಹಳೇ ಅಂಬಾಸಡರಿನಲ್ಲಿ. ಈ ಅಮೆರಿಕದ ಗಾಡಿಗೆ ಕ್ಲಚ್ಚೇ ಇಲ್ಲ, ಆ ಪೆಡಲು ಹ್ಯಾಂಡ್‌ಬ್ರೇಕಿನ ಬದಲಿಗೆ ಇಟ್ಟದ್ದು ಎಂದು ನನಗೇನು ಗೊತ್ತು?

“ನೀನು ಗ್ರಾಜುಯೇಟ್ ಅಲ್ವಾ?” ಯಜಮಾನರು ಹರುಕು ಹಿಂದಿಯಲ್ಲಿ ಕೇಳಿದರು.

“ಹೌದು ಅರ್ಬಾಬ್. ಆದರೆ ಬಿ.ಕಾಂ.”

ನಮ್ಮ ಕುಟುಂಬದಲ್ಲೇ ಮೊದಲ ಡಿಗ್ರಿ ಅದು. ಇವತ್ತಿಗೆ ಅದರ ಕಥೆ ಮುಗಿಯಿತು ಎಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಖಲಾಸ್, ಆ ಕಡೆ ಸರಿ. ಇನ್ನು ಮೇಲೆ ಗಾಡಿ ನಾನೇ ಬಿಡ್ತೇನೆ. ನೀನು ಪಕ್ಕದಲ್ಲಿ ಕೂತು ಇಂಗ್ಲಿಷ್ ಕಾಗದಗಳನ್ನು ಓದಿ ಹೇಳು.”

ಹಾಗೆ ನನ್ನ ಕೆಲಸ ಉಳಿಯಿತು. ದಿನಾ ಬೆಳಿಗ್ಗೆ ಯಜಮಾನರೇ ನನ್ನ ರೂಮಿನ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದರು. ಅಕ್ಷರ ಬಾರದ ಅಪ್ಪನಿಗೆ ಇದನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಕಾಗದ ಓದಿ ಹೇಳಿದ ಪೋಸ್ಟ್‌ಮ್ಯಾನನಿಗೆ ಅಪ್ಪ, “ಸರಿಯಾಗಿ ಓದಿ ಮಾರಾಯ್ರೆ” ಎಂದರಂತೆ.